ಹಿತ್ತಿಲ ಗೂಡಿನ ಲೋಟ

ಅಂಬುಜಮ್ಮನವರ ನಾಯಿ ಪಿಂಟುವಿನ ನಾಲಿಗೆಯ ಮೇಲೊಂದು ರೋಗಾಣು ಬಿಡಾರ ಹೂಡಿತ್ತು.

"ಪಿಂಟಣ್ಣ, ನಿಮ್ಮ ಯಜಮಾನಿಯ ಮೈಯೊಳಗೆ ಹೋಗಬೇಕಲ್ಲ, ದಾರಿ ತೋರಿಸು" ಎಂದಿತು ಅದು.

ಪಿಂಟುವಿಗೆ ನಗು ಬಂತು. "ಆಸೆ ಬಿಡು. ಅಮ್ಮನವರು ನೀರನ್ನೂ ಎತ್ತಿ ಕುಡಿಯುವವರು. ಹೆತ್ತ ಮಗ ಕಚ್ಚಿದ ಹಣ್ಣನ್ನೂ ಮುಟ್ಟುವುದಿಲ್ಲ. ಕೆಲಸದ ದೇವೀರಮ್ಮನ ಲೋಟಕ್ಕಂತೂ ಹಿತ್ತಿಲ ಗೂಡೇ ಗತಿ. ಎಂಜಲೆಂದರೆ ಕೆಂಡಾಮಂಡಲವಾಗುತ್ತಾರೆ."

ಅಷ್ಟರಲ್ಲಿ ಅಂಬುಜಮ್ಮ ಕರೆದರು. "ಬಾರೋ ನನ್ನ ಬಂಗಾರ, ಒಂದು ಮುತ್ತು ಕೊಡೋ!"

ಪಿಂಟು ಮಡಿಲಿಗೆ ಹಾರಿ ಅವರ ತುಟಿಯನ್ನೆಲ್ಲ ನೆಕ್ಕಿತು.

"ಬರುತ್ತೇನಣ್ಣ, ಉಪಕಾರವಾಯಿತು" ಎಂದು ರೋಗಾಣು ಇಳಿದುಹೋಯಿತು.

ನಾಲ್ಕನೆಯ ದಿನ ಅಂಬುಜಮ್ಮನಿಗೆ ಜ್ವರ ಏರಿತು. ಪಿಂಟುವನ್ನು ಕೆನ್ನೆಗೊತ್ತಿಕೊಂಡೇ ಮಗನಿಗೆ ಹೇಳಿದರು. "ದೇವೀರಮ್ಮನಿಗೆ ನಾಳೆಯಿಂದ ಬರಬೇಡ ಅಂತ ಹೇಳಿಬಿಡಪ್ಪ. ಅವಳ ಲೋಟ ಎಲ್ಲೋ ನಮ್ಮದಕ್ಕೆ ತಗುಲಿರಬೇಕು."