ಒಂದು ಚಮಚ ಹಾಡು

ಕುಂತವರು ಕುಂತಲ್ಲೇ ಇರಿ, ಬಾಯಲ್ಲಿ ಅಡಿಕೆ ಇದ್ದವರು ಅಗಿಯುತ್ತಾ ಇರಿ, ಕತೆ ಸಣ್ಣದು. ಗುಳೇದಗುಡ್ಡದ ನೇಕಾರರ ಓಣಿಯಲ್ಲಿ ಶಾವಂತ್ರವ್ವ ಅಂತ ಒಬ್ಬ ತಾಯಿ. ಅವಳಿಗೆ ಮುರಿಗೆಪ್ಪ ಅಂತ ಒಬ್ಬ ಮಗ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಎಲ್ಲಾ ಊರಲ್ಲೂ ಇರುತ್ತಾರೆ. ಇವನು ಹಗ್ಗ ಹಿಡಿದು ಹೊರಟೇ ಬಿಡುವವನು.

"ಯಪ್ಪಾ ಮುರಿಗ್ಯಾ, ನಿನ್ನ ಹಡದ ಹೊಟ್ಟಿಗೆ ನಾ ಏನ್ ಹೇಳ್ಲೋ!" ಅನ್ನುವಳು ತಾಯಿ.

"ಊಟ ಮಾಡು ಅಂತ ಹೇಳಬೇ!" ಅನ್ನುವನು ಮಗ.

ಮುರಿಗೆಪ್ಪನ ಅಕ್ಕ ದಾನಮ್ಮ. ಬಾಗಲಕೋಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವಳು. ಅವಳು ಒಂದು ಪುಟ್ಟ ಸರ್ವರ್ ಜೋಡಿಸಿ ತಾಯಿಯ ಮನೆಯ ಗೋಡೆಮಾಡದಲ್ಲಿ ಇಟ್ಟಿದ್ದಳು. ಮನೆಯವರು ಅದನ್ನು ಡಬ್ಬಿ ಅನ್ನುತ್ತಿದ್ದರು. ಫೋಟೋ, ಸಿನಿಮಾ, ಹಾಡು ಎಲ್ಲಾ ಅದರ ಹೊಟ್ಟೆಯಲ್ಲಿ. ಟಿವಿ ಕೇಳಿದ್ದನ್ನು ಅದು ತೆಗೆದುಕೊಡುತ್ತಿತ್ತು. ತೀರಿಹೋದ ಅಜ್ಜಿ, ಅಂದರೆ ಶಾವಂತ್ರವ್ವನ ಹೆತ್ತವ್ವ, ಅವಳ ಹಾಡುಗಳೂ ಅದರಲ್ಲೇ ಇದ್ದವು. ಓಣಿಯ ಹೆಣ್ಣುಮಕ್ಕಳಿಗೆಲ್ಲ ಅರಿಶಿಣದ ಹಾಡು ಹಾಡಿದವಳು ಆ ಅಜ್ಜಿ. ಸಾಯುವ ಮುಂಚೆ ಮೊಮ್ಮಗಳನ್ನು ಕರೆದು, "ನಿನ್ನ ಅರಿಶಿಣಕ್ಕ ನಾ ಇರಂಗಿಲ್ಲ. ಈ ಡಬ್ಬ್ಯಾಗ ಕುಂತು ಹಾಡ್ತೀನಿ, ತಗೋ" ಅಂದು ಹಾಡಿಟ್ಟು ಹೋಗಿದ್ದಳು. ಈಗ ದಾನಮ್ಮನ ಮದುವೆ ಹತ್ತಿರ ಬಂದಿತ್ತು. ಅರಿಶಿಣದ ದಿನ ಅಜ್ಜಿಯ ದನಿ ಕೇಳಬೇಕು ಅನ್ನುವುದೊಂದೇ ಅವಳ ಆಸೆ.

ಹೀಗಿರುವಾಗ ಡಬ್ಬಿ ಮುಷ್ಕರ ಹೂಡಿತು. ಟಿವಿಯಲ್ಲಿ ಚಿತ್ರ ನಿಂತಲ್ಲೇ ನಿಂತಿತು. ದಾನಮ್ಮ ಫೋನಿನಲ್ಲಿ ಹೇಳಿದಳು:

"ಮುರಿಗ್ಯಾ, ಕ್ಯಾಶ್ ಉಬ್ಬೈತಿ. ನೀವು ನೋಡಿದ್ದನ್ನ ಡಬ್ಬಿ ಮತ್ತ ಲಗೂನ ಕೊಡಾಕ ಅಂತ ಒಂಚೂರು ಒಂಚೂರು ಕೈಯಾಗ ಇಟ್ಟುಕೊಂಡಿರತೈತಿ. ಅದಕ್ಕ ಕ್ಯಾಶ್ ಅಂತಾರ. ಹಂಗ ತಗದಿಟ್ಟ ಹಳೇ ಚೂರೆಲ್ಲಾ ಚೆಲ್ಲಿಬಿಡು. ಅಸಲು ಒಳಗ ಇರತೈತಿ, ಏನೂ ಹೋಗಂಗಿಲ್ಲ!"

ಅವಳು ಒತ್ತು ಅಂದದ್ದನ್ನು ಒತ್ತಿದ. ಚೂರೆಲ್ಲಾ ಹೋಯಿತು, ಡಬ್ಬಿ ಓಡಿತು. ಹುಟ್ಟಿದಾಗಿನಿಂದ ಮೊದಲ ಸಲ ಮುರಿಗೆಪ್ಪ ಒಂದು ಕೆಲಸ ಸರಿಯಾಗಿ ಮಾಡಿದ್ದ. ತಾಯಿ ಬೆಲ್ಲ ತಿನ್ನಿಸಿದಳು. ಅದೇ ತಪ್ಪಾಯಿತು ನೋಡಿ.

ಮಾರನೇ ದಿನ ಅಡುಗೆಮನೆಗೆ ಹೋದ. ಮೂಲೆಯಲ್ಲೊಂದು ಬಟ್ಟಲು. ಅದರಲ್ಲಿ ಒಂಚೂರು ಮೊಸರು. ತೆಗೆದಿಟ್ಟದ್ದು ಹೌದೋ? ಹೌದು. ಹಳೇದು ಹೌದೋ? ಹೌದು. ಅಸಲು ಹಾಲು ಗಡಿಗೆಯಲ್ಲಿ ಇದೆಯೋ? ಇದೆ. ಚೆಲ್ಲಿಬಿಟ್ಟ!

ಸಂಜೆ ಹಾಲಿಗೆ ಹೆಪ್ಪು ಹಾಕಲು ತಾಯಿ ಬಂದಳು. ಬಟ್ಟಲು ತೊಳೆದಿಟ್ಟಿತ್ತು.

"ಹೆಪ್ಪು ಎಲ್ಲೈತೋ?"

"ಕ್ಯಾಶ್ ಖಾಲಿ ಮಾಡೀನಿ ಬೇ!"

ದೀಪ ಹಚ್ಚಿದ ಮೇಲೆ ಯಾರ ಮನೆಯವರೂ ಹೆಪ್ಪು ಕೊಡುವುದಿಲ್ಲ, ಕೊಟ್ಟರೆ ಮನೆಯ ಲಕ್ಷ್ಮಿ ಹೊರಗೆ ಹೋದಂತೆ. ಹಾಲು ಹಾಲಾಗಿಯೇ ಉಳಿಯಿತು, ಮರುದಿನ ರೊಟ್ಟಿಗೆ ಮೊಸರಿಲ್ಲ. ಶಾವಂತ್ರವ್ವ ಹಣೆ ಚಚ್ಚಿಕೊಂಡಳು.

"ಎಲ್ಲಾ ಚೆಲ್ಲಬಾರದೋ ಖೋಡಿ! ಒಂದು ಚಮಚ ಉಳಿಸಬೇಕು. ಒಂದು ಚಮಚ ಇದ್ರ ಗಡಿಗಿ ತುಂಬ ಮತ್ತ ಆಗತೈತಿ!"

"ಹೌದಾ? ಇನ್ನ ಮ್ಯಾಲೆ ಒಂದು ಚಮಚ ಉಳಸ್ತೀನಿ ಬೇ!"

ಗಂಡಿನ ಕಡೆಯವರು ಬರುವವರಿದ್ದರು. ಮನೆ ಗುಡಿಸು ಅಂದಳು ತಾಯಿ. ಗುಡಿಸಿದ. ಚೆನ್ನಾಗಿಯೇ ಗುಡಿಸಿದ. ಆದರೆ ಒಂದೊಂದು ಕೋಣೆಯಲ್ಲೂ ನಟ್ಟನಡುವೆ ಒಂದು ಚಮಚ ಕಸ! ಬೀಗಿತ್ತಿ ಅದನ್ನು ದಾಟಿ, ಇದನ್ನು ದಾಟಿ, ಸೀರೆ ಎತ್ತಿಕೊಂಡು ಒಳಗೆ ಬಂದಳು.

"ಇದೇನ್ರೀ ಯವ್ವಾ, ರಂಗೋಲಿ ಏನು?"

"ಹೆಪ್ಪುರೀ!" ಅಂದ ಮುರಿಗೆಪ್ಪ.

ಅವರು ಹೋದ ಮೇಲೆ ಮಂಗಳಾರತಿ ಆಯಿತು.

"ಕಸಕ್ಕ ಯಾರಾರ ಹೆಪ್ಪು ಇಡ್ತಾರೇನೋ! ನಮಗ ಬೇಕಾದ್ದು ಇರತೈತಲ್ಲ, ಜೀವಕ್ಕ ಜೀವ ಅನ್ನೋದು, ಅದರದು ಒಂದು ಚಮಚ ಉಳಿಸಬೇಕು!"

"ಹೌದಾ? ಇನ್ನ ಮ್ಯಾಲೆ ಬೇಕಾದ್ದರದೇ ಉಳಸ್ತೀನಿ ಬೇ!"

ಮದುವೆ ಮನೆ ಅಂದಮೇಲೆ ಫೋಟೋಗಳಿಗೆ ಲೆಕ್ಕವೇ? ಎಲ್ಲರ ಫೋನಿನದೂ ಡಬ್ಬಿಗೆ ಬಿತ್ತು. ಡಬ್ಬಿ ಮತ್ತೆ ನಿಂತಿತು. ಮತ್ತೆ ಅಕ್ಕನಿಗೆ ಫೋನು.

"ಈ ಸಲ ಕ್ಯಾಶ್ ಅಲ್ಲೋ, ಒಳಗಿನ ಡಿಸ್ಕೇ ತುಂಬೈತಿ. ಹಳೇದನ್ನ ತಗದು ಜಾಗ ಮಾಡು, ಬೇಕಾದ್ದನ್ನ ಉಳಿಸು. ಉಳಿದದ್ದು ನಾ ಬಂದು ನೋಡ್ತೀನಿ."

ಮುರಿಗೆಪ್ಪ ಡಬ್ಬಿಯ ಮುಂದೆ ಕುಂತ. ಎಲ್ಲಕ್ಕಿಂತ ಹಳೇದು ಯಾವುದು? ಅಜ್ಜಿಯ ಹಾಡು. ಎಲ್ಲಕ್ಕಿಂತ ಬೇಕಾದ್ದು ಯಾವುದು? ಅದೂ ಅಜ್ಜಿಯ ಹಾಡೇ! ಹಳೇದನ್ನು ತೆಗೆಯಬೇಕು, ಬೇಕಾದ್ದನ್ನು ಒಂದು ಚಮಚ ಉಳಿಸಬೇಕು. ಹಾಡು ಕತ್ತರಿಸುವುದರಲ್ಲಿ ಮಾತ್ರ ಅವನು ಗಟ್ಟಿಗ. ಓಣಿಯವರ ಫೋನಿಗೆಲ್ಲ ರಿಂಗ್‌ಟೋನ್ ಕತ್ತರಿಸಿ ಕೊಟ್ಟವನು ಅವನೇ. ಕತ್ತರಿಸಿದ. ಒಂದೊಂದು ಹಾಡಿನದೂ ಒಂದೊಂದು ಸಾಲು ಉಳಿಸಿದ, ಮಿಕ್ಕಿದ್ದನ್ನು ಅಳಿಸಿದ. ಡಬ್ಬಿ ಹೊಸ ಎತ್ತಿನಂತೆ ಓಡಿತು.

ಅರಿಶಿಣದ ದಿನ ಬಂತು. ದಾನಮ್ಮ ಮಣೆಯ ಮೇಲೆ ಕುಂತಳು. ಮುದುಕಿಯರು ಕೈಗೆ ಅರಿಶಿಣ ಬಳಿದುಕೊಂಡು ಸುತ್ತ ನಿಂತರು. "ಹಚ್ಚೋ ಮುರಿಗ್ಯಾ!" ಅಂದಳು ತಾಯಿ. ಅಜ್ಜಿಯ ದನಿ ಬಂತು:

"ಅರಿಶಿಣ ಅರೆದೇನ, ಅಂಗೈಯ ತಾರವ್ವ..."

ಅಷ್ಟೇ. ಮುಂದೆ ದನಿಯೇ ಇಲ್ಲ.

"ಮುಂದಿಂದು ಎಲ್ಲೋ?"

"ಚಮಚ ಉಳಿಸೀನಿ ಬೇ! ಇನ್ನ ಆಗತೈತಿ!"

ದಾನಮ್ಮ ಅರಿಶಿಣದ ಕೈಯಲ್ಲೇ ಎದ್ದು ಹುಡುಕಿದಳು. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ಊರ ಮಂದಿಗೆಲ್ಲ ಎರಡು ಕಡೆ ಇಡಿ ಅಂತ ಹೇಳುವವಳು ತನ್ನದನ್ನು ಒಂದೇ ಕಡೆ ಇಟ್ಟಿದ್ದಳು. ಮಣೆಯ ಮೇಲೆ ಬಂದು ಕುಂತು ಅತ್ತುಬಿಟ್ಟಳು. ಶಾವಂತ್ರವ್ವ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡಳು. ಹೆತ್ತವ್ವನನ್ನು ಎರಡನೇ ಸಲ ಕಳೆದುಕೊಂಡ ಸಂಕಟ ಅವಳಿಗೆ.

ಮುರಿಗೆಪ್ಪನಿಗೆ ಮಾತ್ರ ಗಾಬರಿಯಿಲ್ಲ. ಡಬ್ಬಿಯನ್ನು ಒಲೆಯ ಹತ್ತಿರ ಬೆಚ್ಚಗಿನ ಜಾಗಕ್ಕೆ ತಂದ. ಮೇಲೆ ಒಂದು ತಟ್ಟೆ ಮುಚ್ಚಿದ. ಅದೇ ಸಾಲನ್ನು ಮತ್ತೆ ಮತ್ತೆ ಹಚ್ಚಿದ.

"ಅರಿಶಿಣ ಅರೆದೇನ, ಅಂಗೈಯ ತಾರವ್ವ..."

"ಅಳಬ್ಯಾಡಕ್ಕಾ, ಹೆಪ್ಪು ಹಿಡೀತೈತಿ!"

"ಅರಿಶಿಣ ಅರೆದೇನ, ಅಂಗೈಯ ತಾರವ್ವ..."

ಆಗ ಮಗ್ಗದ ಮನೆಯ ಮುದುಕಿ ಸಂಗವ್ವ, ಅಜ್ಜಿಯ ಜೊತೆ ಬೀಸುಕಲ್ಲು ತಿರುವಿದವಳು, ತನಗೇ ಗೊತ್ತಿಲ್ಲದಂತೆ ಬಾಯಿ ತೆರೆದಳು:

"ಅಡಿಯಿಟ್ಟ ಮನೆಯೆಲ್ಲ ಹೊನ್ನಾಗಲವ್ವ..."

ಪಕ್ಕದವಳು ಮೂರನೆಯ ಸಾಲು ಎತ್ತಿಕೊಂಡಳು. ಅವಳ ಬಾಯಿಂದ ಇನ್ನೊಬ್ಬಳು. ಅಜ್ಜಿ ಒಂದು ಸಾಲು, ಓಣಿ ಮಿಕ್ಕಿದ್ದು! ಹಾಡು ಅಂಗಳ ತುಂಬಿತು. ದಾನಮ್ಮ ಅಳುತ್ತಲೇ ನಕ್ಕಳು, ನಗುತ್ತಲೇ ಅರಿಶಿಣ ಹಚ್ಚಿಸಿಕೊಂಡಳು. ಅಜ್ಜಿಯ ದನಿ ಒಂದೇ ಸಾಲಿನಷ್ಟು ಉಳಿದದ್ದು, ಅದು ನಷ್ಟವೇ, ನಾನು ಸುಳ್ಳು ಹೇಳುವುದಿಲ್ಲ. ಆದರೆ ಹಾಡು ಮಾತ್ರ ಪೂರ್ತಿ ಇತ್ತು.

"ನೋಡಿದ್ಯಾ ಬೇ, ಆತು!" ಅಂದ ಮುರಿಗೆಪ್ಪ.

"ಆತೋ ಯಪ್ಪಾ, ಆತು," ಅಂದಳು ತಾಯಿ. ಬೈಯದೆ ಬಿಟ್ಟದ್ದು ಅದೇ ಮೊದಲು.

ಮದುವೆ ಮುಗಿಯಿತು, ಮಗಳು ಗಂಡನ ಮನೆಗೆ ಹೋದಳು. ಒಂದು ಸಂಜೆ ಶಾವಂತ್ರವ್ವ ಕಟ್ಟೆಯ ಮೇಲೆ ಕುಂತು ಕೂಗಿದಳು:

"ಮುರಿಗ್ಯಾ, ಹಾಲಿಗೆ ಹೆಪ್ಪು ಹಾಕಿದ್ಯಾ?"

"ಹಾಕಾಕತ್ತೀನಿ ಬೇ!"

ಎಷ್ಟು ಹೊತ್ತಾದರೂ ಮಗ ಹೊರಗೆ ಬರಲಿಲ್ಲ. ಎದ್ದು ಒಳಗೆ ಹೋದಳು. ಮೊಸರಿನ ಬಟ್ಟಲು ಇಟ್ಟಲ್ಲೇ ಇತ್ತು. ಮುರಿಗೆಪ್ಪ ಹಾಲಿನ ಗಡಿಗೆಯ ಬಾಯಿಗೆ ಫೋನು ಹಿಡಿದು ಕುಂತಿದ್ದ. ಅಜ್ಜಿ ಹಾಲಿಗೆ ಹಾಡುತ್ತಿದ್ದಳು.

"ಏನ್ ಮಾಡಾಕತ್ತೀಯೋ!"

"ಅಜ್ಜಿ ಒಂದು ಸಾಲು ಹಾಡಿದ್ರ ಓಣಿನೇ ತುಂಬಿತು ಬೇ. ಈ ಗಡಿಗಿ ಯಾವ ಲೆಕ್ಕ!"

ಶಾವಂತ್ರವ್ವ ಬೈಯಲು ಬಾಯಿ ತೆರೆದಳು. ಫೋನಿನೊಳಗಿಂದ ಅವಳ ಅವ್ವ, "ಅಂಗೈಯ ತಾರವ್ವ" ಅಂದಳು. ತೆರೆದ ಬಾಯಿ ಮುಚ್ಚಿ, ಮಗನ ಪಕ್ಕದಲ್ಲೇ ಕುಂತು, ಗಡಿಗೆಗೆ ಕಿವಿಗೊಟ್ಟಳು.

ಹಾಲು ಮಾತ್ರ ಬೆಳಗಾದರೂ ಹಾಲಾಗಿಯೇ ಇತ್ತು.