ನೀಲಿ ಬಾನಿಯ ತೀರ್ಪು ಮುರಿದದ್ದು

ಸೋಮನಕೋಟೆಯ ರಾಣಿ ಹೊನ್ನಾಂಬೆ ಒಂದು ಬೆಳಿಗ್ಗೆ ಬೀದಿ ಬೀದಿಯಲ್ಲೂ ಡಂಗುರ ಸಾರಿಸಿದಳು. ಏನಂತ ಸಾರಿಸಿರಬಹುದು, ಊಹಿಸಿ ನೋಡೋಣ? ಮಗಳಿಗೆ ವರ ಬೇಕು ಅಂತಲೇ? ಶತ್ರು ಬಂದ ಅಂತಲೇ? ಊಹೂಂ, ಅದ್ಯಾವುದೂ ಅಲ್ಲ.

"ಕೇಳ್ರಪ್ಪೋ ಕೇಳ್ರಿ! ಪಾಲುಗಾರರು ಜಗಳವಾಡಿಕೊಂಡು, ತಾವೇ ಒಪ್ಪಿ ಪಂಚನನ್ನು ಕೂರಿಸಿ, ತೀರ್ಪು ಬಂದ ಮೇಲೆ ಅದು ಸರಿಯಿಲ್ಲ ಅಂತ ಅರಮನೆಗೆ ಓಡಿ ಬರೋದು ಹೆಚ್ಚಾಗಿದೆ. ಇನ್ನು ಹಾಗೆ ಬಂದವರು ರಾಣಿಯವರ ಮೂರು ಒಗಟು ಬಿಡಿಸಬೇಕು. ಬಿಡಿಸಿದರೆ ತೀರ್ಪು ರದ್ದು. ತಪ್ಪಿದರೆ ತಲೆ ರದ್ದು!"

ಇದನ್ನು ಕೇಳಿ ಬಣ್ಣಗಾರ ದ್ಯಾವಣ್ಣನ ಎದೆ ಧಸಕ್ಕೆಂದಿತು. ಅವನೂ ಪುಟ್ಟಮಲ್ಲ ಶೆಟ್ಟರೂ ಸೇರಿ ನೀಲಿ ಬಟ್ಟೆಯ ಕೂಟ ಕಟ್ಟಿದ್ದರು. ಈಗಿನ ಮಾತಲ್ಲಿ ಕಂಪನಿ ಅನ್ನಿ. ಬಟ್ಟೆ ಅದ್ದುವ ಬಣ್ಣದ ಬಾನಿ ಇವನದು, ಅಂಗಡಿ ಅವರದು. ಶೆಟ್ಟರಿಗೆ ಬಾನಿಯ ಮೇಲೂ ಕಣ್ಣು ಬಿತ್ತು. 'ಇವನ ಬಣ್ಣ ಕೆಟ್ಟಿದೆ, ಕೂಟದಿಂದ ತೆಗೆಯಿರಿ' ಎಂದು ದೂರಿದರು. ಇಬ್ಬರೂ ಒಪ್ಪಿದ ಪಂಚ ನಾಗರಸಯ್ಯ, ದ್ಯಾವಣ್ಣನಿಗೆ ಒಂದು ಮಾತೂ ಹೇಳದೆ, ಶೆಟ್ಟರನ್ನು ಮಾತ್ರ ಕರೆದುಕೊಂಡು ಬಾನಿ ನೋಡಲು ಹೋದ. ನೀಲಿ ಬಾನಿಯಿಂದ ಎತ್ತಿದ ಬಟ್ಟೆ ಮೊದಲು ಹಸಿರಾಗಿಯೇ ಬರುತ್ತದೆ, ಗಾಳಿ ತಾಗಿದ ಮೇಲೇ ನೀಲಿಗೆ ತಿರುಗುವುದು. ಪಂಚನಿಗೆ ಅದೆಲ್ಲಿ ಗೊತ್ತು? ಹಸಿರು ಕಂಡದ್ದೇ 'ಕೆಟ್ಟಿದೆ' ಎಂದು ಹೊರಟುಬಿಟ್ಟ. ದ್ಯಾವಣ್ಣ ಕೂಟದಿಂದ ಹೊರಗೆ, ಬಾನಿ ಶೆಟ್ಟರಿಗೆ. ತೀರ್ಪು ಅಷ್ಟೇ.

ಬಾನಿ ಹೋದರೆ ಅವನಿಗೆ ಬದುಕಿಲ್ಲ. ಅರಮನೆಗೆ ಹೋದ. ಶೆಟ್ಟರೂ ನಾಗರಸಯ್ಯನೂ ಹಿಂದೆಯೇ ಬಂದು ಸಭೆಯಲ್ಲಿ ಕೂತರು.

ಅವನಿಗಿಂತ ಮುಂಚೆ ಇಬ್ಬರು ನಿಂತಿದ್ದರು. ರಾಣಿ ಮೊದಲ ಒಗಟು ಹಾಕಿದಳು: "ನನ್ನ ಎಲೆಗೆ ಬಡಿಸಿದ ಅಡುಗೆಯ ರುಚಿ ನಾನು ನೋಡುವ ಹಾಗಿಲ್ಲ. ಆದರೂ ಕೆಲವು ಸಲ ಎಲೆಯನ್ನೇ ಎತ್ತಿ ಆಚೆ ಎಸೆಯಬಹುದು. ಏನು ನೋಡಿ ಎಸೆಯಲಿ?"

ಎಣ್ಣೆ ಕೂಟದ ಬಸವಲಿಂಗಪ್ಪ ಮುಂದೆ ಬಂದ. "ವಾಸನೆ ನೋಡಿ, ತಾಯಿ! ನಮ್ಮ ಪಂಚರ ತೀರ್ಪಂತೂ ಹಳಸಿ ನಾರುತ್ತಿದೆ."

"ರುಚಿ ಬಿಟ್ಟು ವಾಸನೆ ಹಿಡಿದೆಯಲ್ಲಪ್ಪ, ಎರಡೂ ಒಂದೇ," ಎಂದಳು ರಾಣಿ. ಭಟರು ಅವನ ತೋಳು ಹಿಡಿದರು.

ಹಡಗು ಕೂಟದ ಚಂದಯ್ಯ, "ಅಡುಗೆ ಪುಸ್ತಕ ತರಿಸಿ, ಮತ್ತೆ ಮಾಡಿಸಿ ಹೋಲಿಸಿ," ಎಂದ. ಅವನನ್ನೂ ಎಳೆದೊಯ್ದರು. ಸಂಜೆಗೆ ಇಬ್ಬರ ತಲೆಯೂ ಹೋಗುವುದಿತ್ತು.

"ಮುಂದಿನವನು!"

ಹಿಂದೆ ಕೂತಿದ್ದ ಶೆಟ್ಟರು ಮೆಲ್ಲಗೆ ಕೆಣಕಿದರು. "ಹೋಗಯ್ಯಾ ದ್ಯಾವ, ಹಸಿರು ನೀಲಿಯ ಕತೆ ಹೇಳು. ಪಂಚನಿಗೆ ಬುದ್ಧಿಯಿಲ್ಲ ಅಂತ ಸಾಬೀತು ಮಾಡು!"

ಅದೇ ಮಾತು ದ್ಯಾವಣ್ಣನ ನಾಲಿಗೆಯ ತುದಿಯಲ್ಲಿತ್ತು. ಇನ್ನೇನು ಆಡಿಬಿಡಬೇಕು, ಅಷ್ಟರಲ್ಲಿ ಹೊಳೆಯಿತು: ಅದೂ ರುಚಿಯ ಮಾತೇ ಅಲ್ಲವೇ! ತುಟಿ ಕಚ್ಚಿಕೊಂಡ.

"ಅಡುಗೆಯವನ ಕೈ ನೋಡಿ, ತಾಯಿ. ಕೊಳಕಾಗಿದ್ದರೆ ಎಸೆಯಿರಿ."

ರಾಣಿ ಹುಬ್ಬೇರಿಸಿದಳು. "ಎರಡನೆಯದು. ಒಂದು ಕೊಡಕ್ಕೆ ಎರಡು ಬಾಯಿ. ಒಂದರಿಂದಲೇ ತುಂಬಿದರೆ ಒಡೆಯುತ್ತದೆ, ಎರಡರಿಂದಲೂ ತುಂಬಿದರೆ ನಿಲ್ಲುತ್ತದೆ. ಯಾವುದದು?"

"ಪಂಚನ ತಲೆ, ತಾಯಿ. ಎರಡು ಕಿವಿ."

ಸಭೆಯಲ್ಲಿ ಗುಸುಗುಸು ಎದ್ದಿತು. ಶೆಟ್ಟರ ನಗು ಅಡಗಿತು.

"ಕೊನೆಯದು. ನನ್ನ ಹತ್ತಿರ ಕತ್ತರಿ ಇದೆ, ಸೂಜಿಯಿಲ್ಲ. ಕೆಟ್ಟ ಅಂಗಿಯನ್ನು ಕತ್ತರಿಸಿದೆ. ಆ ಬಟ್ಟೆ ಯಾರ ಕೈಗೆ?"

'ನನ್ನ ಕೈಗೆ ಕೊಡಿ, ಬಾನಿ ನನ್ನದು' ಎಂಬ ಮಾತು ಅವನ ಬಾಯಿವರೆಗೂ ಬಂತು. ಭಟನೊಬ್ಬ ಒಂದು ಹೆಜ್ಜೆ ಹತ್ತಿರ ಬಂದ. ಆ ಮಾತನ್ನು ನುಂಗಿಕೊಂಡ.

"ನನ್ನ ಕೈಗೂ ಬೇಡ, ಶೆಟ್ಟರ ಕೈಗೂ ಬೇಡ," ಎಂದ. "ನಾವಿಬ್ಬರೂ ಒಪ್ಪುವ ಇನ್ನೊಬ್ಬ ದರ್ಜಿಗೆ."

ರಾಣಿ ಎದ್ದು ನಿಂತಳು. "ಬಿಡಿಸಿ ಹೇಳಪ್ಪ, ಎಲ್ಲರೂ ಕೇಳಲಿ."

"ತೀರ್ಪು ಸರಿಯೋ ತಪ್ಪೋ ತಾವು ತೂಗುವ ಹಾಗಿಲ್ಲ, ತಾಯಿ. ಅದಕ್ಕೇ ಅಂತ ಪಂಚರನ್ನು ನಾವೇ ಕೂರಿಸಿಕೊಂಡಿದ್ದು. ಆದರೆ ಅವರು ಕೈ ತೊಳೆದು ಬಡಿಸಿದರೋ ಇಲ್ಲವೋ ತಾವು ನೋಡಬೇಕು. ನನ್ನನ್ನು ಕರೆಯದೆ, ಶೆಟ್ಟರನ್ನಷ್ಟೇ ಕರೆದುಕೊಂಡು ಬಾನಿ ನೋಡಿದರು. ಒಂದೇ ಕಿವಿ ತುಂಬಿತು. ತೀರ್ಪು ಕತ್ತರಿಸಿ. ಹೊಸದನ್ನು ಹೊಲಿಯುವುದು ತಮ್ಮ ಕೆಲಸವಲ್ಲ, ಹೊಸ ಪಂಚರದು."

"ಶೆಟ್ಟರ ಜತೆ ಮಾತ್ರ ಹೋಗಿದ್ದು ನಿಜವೇನಯ್ಯಾ?" ಎಂದು ರಾಣಿ ನಾಗರಸಯ್ಯನನ್ನು ಕೇಳಿದಳು. ನಿಜ ಅಂತ ಅವನು ಒಪ್ಪಿಕೊಂಡ. ಅಲ್ಲೇ ತೀರ್ಪಿನ ಓಲೆ ಎರಡು ತುಂಡಾಯಿತು.

ಆ ಮಧ್ಯಾಹ್ನವೇ ದ್ಯಾವಣ್ಣನೂ ಶೆಟ್ಟರೂ ಒಪ್ಪಿ ನೇಕಾರರ ಗಿರಿಯಜ್ಜಿಯನ್ನು ಪಂಚರ ಜಾಗದಲ್ಲಿ ಕೂರಿಸಿದರು. ಅಜ್ಜಿ ಇಬ್ಬರನ್ನೂ ಬಾನಿಯ ಎದುರಿಗೇ ಕೂರಿಸಿಕೊಂಡಳು. "ಬಟ್ಟೆ ಒಣಗೋವರೆಗೆ ಯಾರೂ ಏಳಕೂಡದು, ಮಾತೂ ಕೂಡದು!" ಎಂದು ಗದರಿಸಿದಳು. ಹಸಿರು ಬಟ್ಟೆ ನೀಲಿಯಾಗಿ ಒಣಗಿದ ಮೇಲೆ ತೀರ್ಪು ಹೇಳಲು ಅವಳಿಗೆ ಎರಡು ಮಾತು ಸಾಕಾಯಿತು: "ಬಾನಿ ದ್ಯಾವನದು."

ಸಂಜೆಗೆ ಮುಂಚೆಯೇ ದ್ಯಾವಣ್ಣನನ್ನು ಅರಮನೆಗೆ ಕರೆಸಿ, "ನಿನಗೇನು ಬೇಕು, ಕೇಳು," ಎಂದಳು ರಾಣಿ, ಕೊರಳ ಹಾರಕ್ಕೆ ಕೈಹಾಕಿ.

"ಸೆರೆಯೊಳಗೆ ಇಬ್ಬರು ಕೂತಿದ್ದಾರಲ್ಲ ತಾಯಿ, ಅವರ ತಲೆ ಕೊಡಿ. ಕುತ್ತಿಗೆಯ ಮೇಲೇ ಕೊಡಿ."

ರಾಣಿ ಗಟ್ಟಿಯಾಗಿ ನಕ್ಕುಬಿಟ್ಟಳು. ಬಸವಲಿಂಗಪ್ಪನೂ ಚಂದಯ್ಯನೂ ಕುತ್ತಿಗೆ ಸವರಿಕೊಳ್ಳುತ್ತ ಹೊರಬಂದರು. ಹಾರ ದ್ಯಾವಣ್ಣನ ಕೊರಳಿಗೇ ಬಿತ್ತು. ಡಂಗುರದಿಂದ ಹಾರದವರೆಗೆ ಇಷ್ಟೂ ನಡೆದದ್ದು ಒಂದೇ ದಿನ: ಶುಭಕೃತು ಸಂವತ್ಸರದ ಕಾರ್ತಿಕ ಬಹುಳ ಪಂಚಮಿ, ಬುಧವಾರ.