ಎಡಕ್ಕೊಂದು, ಬಲಕ್ಕೊಂದು ಮಡ್‌ಗಾರ್ಡ್

ಇಳಕಲ್ಲಿನ ಕಲ್ಲುಗಣಿ ಸಾಹುಕಾರ ಸಂಗನಬಸಪ್ಪನವರು ತಮ್ಮ ತೆರೆದ ಜೀಪಿಗೆ ದೊಡ್ಡ ಟೈರು ಹಾಕಿಸಿದರು. ಅದು ಮಡ್‌ಗಾರ್ಡಿಗೆ ಉಜ್ಜತೊಡಗಿತು. ಇನ್ನೂ ಎತ್ತರದ ಹೊಸ ಮಡ್‌ಗಾರ್ಡ್ ಬೇಕಾಯಿತು. ಸಾಹುಕಾರರಿಗೆ ಹಿಡಿಸಿದ್ದು ಅಂಗೈಯಷ್ಟೇ ಅಗಲದ, ಪಟ್ಟಿಯಂಥ ಚೆಂದದ್ದು.

"ಅಗಲಂದು ತಗೊಳ್ರಿ, ಕೆಸರು ಸಿಡೀತೈತಿ," ಎಂದ ಡ್ರೈವರ್ ಇಮಾಮ್‌ಸಾಬ.

"ಜೀಪು ಯಾರ್ದೋ?"

"ನಿಮ್ದರಿ. ಹಂಗಾರ ನಿಮ್ಮ ಕಡೆ ನಿಮ್ದು, ನನ್ನ ಕಡೆ ನಂದು ಹಾಕಿ ಹಳ್ಳ ದಾಟಿ ನೋಡೋಣ್ರಿ."

ಹಾಗೇ ಹಾಕಿಸಿ ಹಳ್ಳ ದಾಟಿದಾಗ ಇಮಾಮ್‌ಸಾಬನ ಮೇಲೆ ಒಂದು ಹನಿಯಿಲ್ಲ. ಸಾಹುಕಾರರ ಬಿಳಿ ಅಂಗಿ ಬಿಳಿಯಾಗಿ ಉಳಿದಿರಲಿಲ್ಲ. ಮೀಸೆಯ ಕೆಸರು ಒರೆಸಿಕೊಂಡು, "ಎರಡೂ ಕಡೆ ಅಗಲಂದೇ ಹಾಕ್ಸು," ಎಂದರು.

ಇಮಾಮ್‌ಸಾಬ ಎದೆ ಉಬ್ಬಿಸಿದ. ಸಾಹುಕಾರರು ಅಂಗಿ ಬಿಚ್ಚಿ ಅವನ ಕೈಗಿಟ್ಟರು.

ದಂಡೆಯಲ್ಲಿ ಕೂತು ಅದನ್ನು ತಿಕ್ಕುತ್ತ ಅವನು ತನ್ನಷ್ಟಕ್ಕೆ ತಾನೇ ನಕ್ಕ. "ಭಾಳ ಶ್ಯಾಣ್ಯಾ ಅದೀಯಪ್ಪಾ! ಯಾರ ಮೈಗೆ ಕೆಸರು ಬಿದ್ರೂ ಒಗಿಯಾವ ನೀನೇ ಅನ್ನೂದು ಹೊಳೀಲೇ ಇಲ್ಲಲ್ಲೋ!"